ಕಾಲುಚೀಲದ ಲೆಕ್ಕ

ಆಗಸ್ಟಿನಲ್ಲಿ ಎಲ್ಲ ಬಿಳುಪು.
ಹದಿನೆಂಟು ಅಂಗಿ, ಹದಿನೆಂಟು ಚಡ್ಡಿ,
ಮೂವತ್ತಾರು ಕಾಲುಚೀಲ. ಎಣಿಸಿ ಕೊಟ್ಟೆ
ಹೊಸ ಮ್ಯಾನೇಜರ್ ಲಾಕ್ಲನ್ ಬೇನ್ ಕೈಗೆ.
‘ಈ ಸಲ ಮೇಲೇರುತ್ತೇವೆ, ಎಫೀ’ ಅಂದ.
ಹೋದ ವರ್ಷದವನೂ ಹಾಗೇ ಅಂದಿದ್ದ,
ಅವನಿಗಿಂತ ಮೊದಲಿನವನೂ.
ನಾನು ಸಾಬೂನು ಪುಡಿಗೆ ಚೀಟಿ ಬರೆದುಕೊಟ್ಟೆ.

ಪಿಟ್‌ಕಾರ್ವಿ ಥಿಸಲ್ ನಮ್ಮದು, ಮೂರನೇ ದರ್ಜೆ.
ಒಂದು ಗೋಲಿನ ಹಿಂದೆ ಮೀನಿನ ಹೊಗೆಗೂಡು,
ಇನ್ನೊಂದರ ಹಿಂದೆ ಕಡಲು.
ಸಿಟ್ಟಿನಲ್ಲಿ ಒದ್ದ ಚೆಂಡು ನೇರ ನೀರಿಗೆ.
ದೋಣಿಯಲ್ಲಿ ಕಾದಿರುತ್ತಾನೆ ವಾಟಿ ಮಟ್ಚ್,
ಸೀಸನ್ನಿಗೆ ಹನ್ನೊಂದು ಚೆಂಡು ಹಿಡಿಯುತ್ತಾನೆ,
ಒಂಬತ್ತು ಹಿಂತಿರುಗಿಸುತ್ತಾನೆ.

ಅಕ್ಟೋಬರಿನಲ್ಲಿ ಹಾರ್ ಬಂತು.
ಹಾರ್ ಎನ್ನುತ್ತೇವೆ ಕಡಲಿನ ಮಂಜಿಗೆ,
ಕೊರಳೊಡ್ಡದಿದ್ದರೂ ಬಂದು ಬೀಳುತ್ತದೆ.
ಆಚೆ ಬದಿಯವರು ಗೋಲ್ ಎಂದು ಕೂಗಿದರು;
ನಾವು ಮುನ್ನೂರು ಜನ ಕಾಣದೆ ನಂಬಿದೆವು.
ಭಾನುವಾರ ಮಾಡುವುದನ್ನೇ
ಶನಿವಾರವೂ ಮಾಡಿದೆವು, ಅಷ್ಟೆ.
(ಗೋಲು ನಮ್ಮದಲ್ಲ ಅಂತ ಆಮೇಲೆ ತಿಳಿಯಿತು.)

ನವೆಂಬರ್. ಹ್ಯಾಂಪ್ಡನ್. ಇಡೀ ದೇಶ ಕಡುನೀಲಿ.
ಗೆದ್ದರೆ ಬೇಸಿಗೆಗೆ ಪರದೇಶದ ಟಿಕೆಟ್ಟು,
ಇಲ್ಲದಿದ್ದರೆ ಎಂದಿನಂತೆ ಸೋಫಾ.
ಎಂಬತ್ಮೂರನೇ ನಿಮಿಷಕ್ಕೆ ಇಳಿಸಿದರು ನಮ್ಮ ಮುಂಗೋನನ್ನು.
ಲೀಶ್‌ಮನ್ ಮನೆಯ ಮುಂಗೋ. ಹದಿನಾರಕ್ಕೆ ನಮ್ಮಲ್ಲಿಗೆ ಬಂದಾಗ
ಕಡ್ಡಿಕಾಲಲ್ಲಿ ಚೀಲ ನಿಲ್ಲುತ್ತಿರಲಿಲ್ಲ.
ಮೊಣಕಾಲ ಕೆಳಗೆ ಟೇಪು ಎರಡು ಸುತ್ತು,
ತುದಿಯನ್ನು ಒಂದಿಷ್ಟು ಮಡಚಬೇಕು, ಬಿಚ್ಚುವಾಗ ಸಿಗಲಿ ಅಂತ.
ಅಷ್ಟೇ ನಾನು ಕಲಿಸಿದ ಫುಟ್‌ಬಾಲು.
ಅವನನ್ನು ಗ್ಲಾಸ್ಗೋಗೆ ಮಾರಿ
ಸ್ಟ್ಯಾಂಡಿಗೆ ಹೊಸ ಮಾಡು ಹೊದಿಸಿದರು.
ಸೋರುತ್ತದೆ.

ತೊಂಬತ್ತನೇ ನಿಮಿಷ, ಆರು ಗಜ, ಎದುರಿಗೆ ಯಾರೂ ಇಲ್ಲ,
ಚೆಂಡು ಆಕಾಶಕ್ಕೆ.
ಲಂಗರು ಪಬ್ಬಿನಲ್ಲಿ ಗ್ಲಾಸುಗಳೇ ನಿಟ್ಟುಸಿರಿಟ್ಟವು.
ಅವನ ಹಳೆಯ ಮೇಷ್ಟ್ರು ಮೊದಲು ಬೈದರು,
ಆಮೇಲೆ ಪಾದ್ರಿ.
ಮುಖ ಮುಚ್ಚಿಕೊಂಡು ಕುಕ್ಕರಿಸಿದ್ದ, ಕ್ಯಾಮೆರಾ ಹತ್ತಿರ ಹೋಯಿತು.
ನನಗೆ ಕಂಡದ್ದು ಎರಡು ಸುತ್ತು ಟೇಪು,
ಮಡಚಿದ ತುದಿ.

ಮಾರ್ಚಿನಲ್ಲಿ ನಮ್ಮ ಮೆಷೀನು ಕೆಟ್ಟಿತು.
ಹೇಗೋ ಸುದ್ದಿ ತಿಳಿದು ಮುಂಗೋ ಒಂದು ಪಾರ್ಸೆಲ್ ಕಳಿಸಿದ.
ಆ ರಾತ್ರಿಯ ಅಂಗಿ, ಕೆಸರು ಸಮೇತ:
‘ಹರಾಜು ಹಾಕಿ. ಹೊಸದು ಕೊಳ್ಳಿ.’
ಕಮಿಟಿ ಬರುವಷ್ಟರಲ್ಲಿ
ಅಂಗಿ ಹೊರಗೆ ತಂತಿಯ ಮೇಲೆ, ಕಡಲ ಗಾಳಿಯಲ್ಲಿ, ಮಡಿಮಡಿ.
ನಾನೇ ಕೈಯಲ್ಲಿ ಉಜ್ಜಿ ಒಗೆದಿದ್ದೆ.
ಖಜಾಂಚಿ ನೆಲದ ಮೇಲೇ ಕುಳಿತುಬಿಟ್ಟ.
‘ಕೊಳೆಗೇ ಬೆಲೆ ಎಫೀ, ಕೊಳೆಗೇ!’
ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದ ಹಾಗಾಯಿತು.
ಹ್ಯಾಂಪ್ಡನ್ನಿನ ಮಣ್ಣು, ದೇಶದ ಆ ದೊಡ್ಡ ತಪ್ಪು,
ಪೈಪಿನಲ್ಲಿ ಇಳಿದು ವಾಟಿಯ ದೋಣಿಯಡಿಗೆ ಹೋಗಿತ್ತು.
ನಲವತ್ತು ವರ್ಷ ಒಗೆದ ಕೈ.
ಕೊಳೆ ಕಂಡರೆ ಕೇಳುತ್ತದೆಯೇ, ಯಾರದು ಅಂತ?

ಬಂದ ದುಡ್ಡಿಗೆ ಸಿಕ್ಕಿದ್ದು ಹಳೆಯ ಮೆಷೀನು, ಬಾಗಿಲಿಗೆ ಹಗ್ಗ.

ಮೇ. ಆರಕ್ಕೇರಲಿಲ್ಲ ಮೂರಕ್ಕಿಳಿಯಲಿಲ್ಲ
ಎಂದು ಹೇಳಿಕೊಳ್ಳುವ ಭಾಗ್ಯವೂ ಇಲ್ಲ:
ಹತ್ತು ತಂಡಗಳಲ್ಲಿ ನಾವು ಒಂಬತ್ತು.
ಉಳಿಯಲು ಇನ್ನೊಂದು ಆಟ, ಕೆಂಪು ತಂಡದ ಮೇಲೆ.
ಕೊನೆಯ ಗಳಿಗೆಯಲ್ಲಿ ಅವರದೇ ಹುಡುಗನ
ಮೊಣಕಾಲಿಗೆ ಬಡಿದು ಅವರದೇ ಬಲೆಗೆ.
ಉಳಿದೆವು. ಲಾಕ್ಲನ್ ಬೇನ್ ಬೇಲಿ ಹಾರಿ ಕುಣಿದ.
ಮಾಡು ಸೋರುವ ಕಡೆಯೇ ನಿಂತು
ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿದರು.
ಆ ಹುಡುಗ ಒಂದು ಚೀಲ ಕಿತ್ತೆಸೆದು
ಅರೆಬರಿಗಾಲಲ್ಲಿ ಬಸ್ಸು ಹತ್ತಿದ.
ಟೇಪು ಸುತ್ತಲು ಯಾರೂ ಹೇಳಿಕೊಟ್ಟಿರಲಿಲ್ಲ.

ಸೋಮವಾರ ಎಣಿಸಿದೆ: ಮೂವತ್ತೇಳು.
ಅದೂ ಎಲ್ಲ ತೊಳೆದ ಮೇಲೆ.
ಹಗ್ಗ ಬಿಚ್ಚಿ ಬಾಗಿಲು ತೆಗೆದರೆ
ಆಗಸ್ಟಿಗೆ ನಮ್ಮವರು
ತಿಳಿಗುಲಾಬಿ.