ಲ ಮ ವ

ರಾತ್ರಿ ಎರಡೂವರಿಗೆ ಅಂಗಡ್ಯಾಗ ಯಾರೋ ಬಂದು ಹೋಗ್ಯಾರ.
ಶೆಟರ್ ಎತ್ತಿಲ್ಲ, ಕೀಲಿ ಮುರದಿಲ್ಲ,
ಕಟ್ಟಿಮ್ಯಾಲ ಮಲಗಿದ್ದ ನಾಯಿ ಸೈತ ಕಿವಿ ನಿಗರಿಸಿಲ್ಲ.
ಮುಂಜಾನಿ ನಾ ಕಂಪ್ಯೂಟರ್ ಚಾಲೂ ಮಾಡಿದ್ರ
ಹನ್ನೊಂದು ವರ್ಷದ ಲೆಕ್ಕ ಒಂದ ಸಾಲಾಗಿ ಕುಂತಿತ್ತು:
ರೊಕ್ಕ ಕಳಸ್ರಿ, ಕೀಲಿ ಕೊಡತೀವಿ.

ಗುಳೇದಗುಡ್ಡದ ಬಜಾರದಾಗ
ನಮ್ಮ ಸಾವಕಾರ್ರು, ಮುರಿಗೆಪ್ಪನವರು,
ಖಣದ ಮೂರುಮೂಲಿ ಮಡಿಕಿ ಬಿಚ್ಚಿಕೋತ ಕೇಳಿದ್ರು:
"ಯಾಂವ ಅಂವ? ಸೊಲ್ಲಾಪುರದಾಂವನೋ?"

ಬಾಗಲಕೋಟಿಯಿಂದ ಬಂದ ನದಾಫರ ಇಮ್ತಿಯಾಜ
ಮೊದಲ ಪರದೆ ನೋಡಲಿಲ್ಲ, ಗ್ವಾಡಿ ನೋಡಿದ.
ಕ್ಯಾಲೆಂಡರಿನ ಮ್ಯಾಲ, ಅಮಾಸಿ ಕರೇ ಚುಕ್ಕಿ ಬಾಜೂಕ,
ನನ್ನ ಅಕ್ಷರದಾಗ: ಅಂಗಡಿ ಹೆಸರು, ಒಂದು ಎರಡು ಮೂರು.
"ಅಕ್ಕಾರ, ಇದು ಕೀಲಿ ಅಲ್ರಿ,
ಕೀಲಿ ಹಾಕೇವಿ ಅಂತ ಬರದ ಬೋರ್ಡು."
ಮನಿಯಿಂದ ಲೆಕ್ಕ ನೋಡಾಕ ಸಾವಕಾರ್ರ ಮಗ ಬಿಟ್ಟ ಕಿಂಡಿ,
ಅದರಾಗಿಂದ ಹೊಕ್ಕಾನಂತ.
ಇಂಥ ಮಾತು ಊಹಿಸಾಕ ಯಂತ್ರಕ್ಕ
ಚಾ ಕುಡಿಯೂವಷ್ಟು ಹೊತ್ತೂ ಬ್ಯಾಡಂತ.
ನಕಲು ಎಲ್ಲಿ ಇಟ್ಟೀರಿ ಅಂದ.
ಪೆನ್‌ಡ್ರೈವ್ ಇತ್ತು. ಅದನ್ನೂ ಕಂಪ್ಯೂಟರಿಗೇ ಚುಚ್ಚಿ ಬಿಟ್ಟಿದ್ದೆ,
ಮರತು ಹೋಗಬಾರದು ಅಂತ.

ರೊಕ್ಕ ಕಳಸಲಿಲ್ಲ.
ಮಾಲು ಅಂತೂ ಕಪಾಟಿನ್ಯಾಗ ಐತಿ, ಎಣಸೂಣು ಅಂದ್ರು ಸಾವಕಾರ್ರು.
ಆವಾಗ ಹೊರಗ ಬಂದ್ವು ನೋಡ್ರಿ ಚೀಟಿ.

ಪ್ರತಿ ಗಂಟಿಗೆ ಬೆರಳಿನಗಲ ಚೀಟಿ.
ಅದರ ಮ್ಯಾಲ ಕೊಂಡ ದರ, ಅಂಕಿಯೊಳಗಲ್ಲ, ಅಕ್ಷರದೊಳಗ.
ಅವರ ಮುತ್ಯಾನ ಕಾಲದ ಒಂದು ಮಾತು, ಹತ್ತಕ್ಷರ,
ಯಾವ ಅಕ್ಷರನೂ ಎರಡ ಸಲ ಬರೂದಿಲ್ಲ,
ಮೊದಲಿಂದು ಒಂದು, ಕಡೀದು ಸೊನ್ನಿ.
ಎಲ್ಲಿಯೂ ಬರದಿಟ್ಟಿಲ್ಲ. ಮಗನಿಗೆ ಇನ್ನೂ ಹೇಳಿಲ್ಲ.
ಗಿರಾಕಿ ಚೀಟಿ ನೋಡಿ ಏನೋ ದೇವರ ಹೆಸರಂತ ತಿಳಕೋತಿದ್ದ.
ಕಂಪ್ಯೂಟರಿನ ಗುಟ್ಟು ಕ್ಯಾಲೆಂಡರಿಗೆ ಹಚ್ಚಿದ ಅಂಗಡ್ಯಾಗ
ಈ ಗುಟ್ಟು ಮೂರು ತಲಿಮಾರು ಬಾಯಿ ಬಿಟ್ಟಿರಲಿಲ್ಲ.

ಅವರು ಚೀಟಿ ನೋಡಿ, ಕಣ್ಣು ಮುಚ್ಚಿ,
ತುಟಿಯೊಳಗ ಎಣಿಸಿ, ಅಂಕಿ ಹೇಳೂದು. ನಾ ಹೊಡಿಯೂದು.
ಎರಡನೇ ದಿನ, ಊಟ ಆದ ಮ್ಯಾಲ, ಲೈಟ್ ಹೋಗಿ ಬಂದಿತ್ತು,
ನಮ್ಮ ನಡುವ ಚೀಟಿ: ಲ ಮ ವ.
ಅವರಿನ್ನೂ ಕಣ್ಣು ಮುಚ್ಚಿದ್ರು.
"ಮುನ್ನೂರ..." ಅನಕೋತ ತಗದ್ರು.
ಪರದೆ ಮ್ಯಾಲ ಎಂಬತ್ತೈದೂ ಆಗಲೇ ಕುಂತಿತ್ತು.

ಫ್ಯಾನಿನ ಸಪ್ಪಳ.
"ಎಷ್ಟು ವರ್ಷಾತು, ದಾನಮ್ಮ?"
"ಏಳ್ರಿ."
ಹೆಂಗ ಅಂತ ಕೇಳಲಿಲ್ಲ. ಕೇಳಿದ್ರ ಹೇಳತಿದ್ದೆ:
ದರದ ಕೊನಿಗೆ ಬಹಳ ಮಾಡಿ ಎರಡ ಅಕ್ಷರ, ವ ಇಲ್ಲಾ ಳು,
ಐದು ಇಲ್ಲಾ ಸೊನ್ನಿ. ಅಲ್ಲಿಂದ ಎಳಿ ಹಿಡದು
ಒಂದೊಂದ ಹಾಸು, ಒಂದೊಂದ ಹೊಕ್ಕು. ನಾ ನೇಕಾರ್ರ ಮನಿಯಾಕಿ,
ಹಿಂಬದಿಯಿಂದ ನೋಡಿದ್ರ ಯಾವ ಖಣನೂ
ತನ್ನ ಚಿತ್ತಾರ ಮುಚ್ಚಿಕೊಳ್ಳೂದಿಲ್ಲ.
ಕಡೀ ಮೂರಕ್ಷರ "ಮಗಳು" ಅಂತ ಹೊಳದ ದಿನ
ರಾತ್ರಿ ರೊಟ್ಟಿ ಇಳೀಲಿಲ್ಲ ನನಗ.
ಯಾರ ಮಗಳು? ಅವರ ಪಡಸಾಲಿ ಫೋಟೋದಾಗ ಆಕಿ ಇಲ್ಲ.
ಆ ಏಳಕ್ಷರ ನಾ ಇಲ್ಲಿನೂ ಬರಿಯೂದಿಲ್ಲ.

ಇಮ್ತಿಯಾಜ ಹೊಸಾ ಪಾಸ್‌ವರ್ಡ್ ಇಡಿಸಿದ, ಉದ್ದಂದು,
ಮ್ಯಾಲ ಫೋನಿಗೆ ಬರೋ ಆರಂಕಿ. ನಕಲಿನ ಡಬ್ಬಿ ತಿಜೋರಿಯೊಳಗ.
ನಾ ಹೊಡಿಯೂಮುಂದ ಸಾವಕಾರ್ರು
ತಾವಾಗೇ ಗ್ವಾಡಿಕಡೆ ಹೊಳ್ಳಿ ನಿಂತ್ರು.
ಹೊಂಡೂಮುಂದ ಹುಡುಗ ಅಂದ: "ನೆನಪಿಡ್ರಿ,
ಇನ್ನೊಬ್ಬರಿಗೆ ಗೊತ್ತಾತು ಅಂದ್ರ ಅವತ್ತ ಬದಲು ಮಾಡಬೇಕು."
ಇಬ್ಬರೂ ಹೂಂ ಅಂದಿವಿ.

ಸೋಮವಾರ ಹೊಸ ಮಾಲು ಬಂತು.
ಸಾವಕಾರ್ರು ಚೀಟಿ ಬರದು, ಟಾಚಣಿ ಚುಚ್ಚಿ,
ಗಂಟು ನನ್ನ ಕಡೆ ಸರಿಸಿದ್ರು.
ಓದಿದೆ.
ಅದ ಅಕ್ಷರ.