ಬಾಲ ಹಿಡಿದವ

ಗುರುಶಾಂತನ ಬಗ್ಗೆ ಹೇಳು ಅಂತೀರಿ.
ನನಗ ಅವನ ಸಾಲಿನ ಬಾಲ ಅಷ್ಟ ಗೊತ್ತು.
ಇಪ್ಪತ್ತೆಂಟು ವರ್ಷ ಅವನ ಎಡಕ್ಕ ನಿಂತು
ಅವ ಬಿಟ್ಟ ಕಡೀ ಮಾತು ಎತ್ತಿಕೊಂಡು
ತುಂತುಣಿ ಮೀಟಿ ಗೀ ಗೀ ಅಂದವ ನಾನು.

ದುಧನಿ ಅಡತಿಯೊಳಗ ಹಮಾಲ ಅವ.
ತೊಗರಿ ಚೀಲ ಬೆನ್ನಿಗೆ ಬಿದ್ದಾಗ
ಉಸಿರು ಹೊರಗ ಬರತದಲ್ಲ, ಹಂ ಅಂತ,
ಅಲ್ಲೇ ಪದ ಕಟ್ಟತಿದ್ದ.
ಲಾರಿ ತುಂಬೂದರಾಗ ಒಂದು ನುಡಿ.
ಹಾಳಿ ಇಲ್ಲ, ಪೆನ್ನಿಲ್ಲ. ಗ್ವಾಡೀ ಮ್ಯಾಲ ಸುಣ್ಣದ ಗೆರಿ,
ಐದಕ್ಕೊಂದು ಅಡ್ಡಗೆರಿ.
ಚೀಲದ್ದೋ ನುಡೀದೋ ಸಾಹುಕಾರಗೂ ತಿಳೀತಿರಲಿಲ್ಲ.
ಒಮ್ಮೆ ಎರಡು ಚೀಲದ ಕೂಲಿ ಹೆಚ್ಚಿಗೆ ಬಂತು.
"ಪದಕ್ಕೂ ಪಗಾರ ಆತು ನೋಡಲೇ" ಅಂದ.

ಗಡಿ ದಾಟಿದ ಎಮ್ಮಿ ಪದ ಕೇಳೀರಿ?
ಮೇಯ್ದದ್ದು ಆಚೆ, ಈದದ್ದು ಈಚೆ.
ಕರೂನ ಮರಾಠಿಯೊಳಗ ಬರಕೊಳ್ಳೂದೋ ಕನ್ನಡದೊಳಗೋ
ಅಂತ ತಲಾಠಿ ಮೂರು ದಿನ ಊಟ ಬಿಟ್ಟಿದ್ದ.
ಕರು ಹಾಲು ಬಿಟ್ಟಿರಲಿಲ್ಲ.
ಮಂದಿ ನಕ್ಕು ನಕ್ಕು ರುಮಾಲು ಬಿಚ್ಚತಿದ್ರು.

ಅತ್ತದ್ದು ಸಾತಲಿಂಗನ ಪದಕ್ಕ.
ಮುಂಬೈ ಗಿರಣಿಗೆ ಹೋದವ. ಭೋಂಗಾ ಬಂದಾದ ಮ್ಯಾಲ
ಪರೇಲದ ಪುಲಿನ ಕೆಳಗ ಹಸಿದು ಸತ್ತವ.
ಹೆಣದ ಕಿಸೆಯೊಳಗ ಊರಿಗೆ ಮರಳೂ ಟಿಕೀಟು,
ಇನ್ನೂ ತೂತು ಬೀಳದ್ದು.
ಹೋದದ್ದು ಖರೆ. ಟಿಕೀಟು, ಸಾವು
ಗುರುಶಾಂತ ಕೂಡಿಸಿದ್ದು.

ಬೋರಿ ಹೊಳಿ ದಂಡಿ ಊರಾಗ ಒಂದು ರಾತ್ರಿ
ಹೆಣ್ಣಮಕ್ಕಳ ನಡುವಿಂದ ಒಬ್ಬಾಕಿ ಎದ್ದು ನಿಂತಳು:
"ನಮ್ಮಣ್ಣ ಸತ್ತಿಲ್ಲೋ ಹಾಡಾವ,
ಹೋದ ಅಮಾಸಿಗೆ ಕಾಗದ ಬಂದದ."
ದಪ್ಪು ನಿಂತಿತು. ನನ್ನ ತುಂತುಣಿ
ಏನೂ ತಿಳೀದೆ ಇನ್ನೆರಡು ಸಲ ಮಿಡಿದು ನಿಂತಿತು.
ಗುರುಶಾಂತ ಹಣಿ ಒರೆಸಿಕೊಂಡ. ಆಮ್ಯಾಲ
ಪುಲಿನ ಕೆಳಗಿಂದ ಅವನ್ನ ಎಬ್ಬಿಸಿದ,
ಚಹಾ ಕುಡಿಸಿದ, ಗಾಡಿ ಹತ್ತಿಸಿದ,
ದೌಂಡ, ಕುರ್ಡುವಾಡಿ, ಸೊಲ್ಲಾಪುರ,
ಪ್ರಾಸ ಎಲ್ಲೋ ಹಳಿ ತಪ್ಪಿತು, ಯಾರಿಗೆ ಬೇಕು.
ಬೆಳ್ಳಿ ಚುಕ್ಕಿ ಮೂಡೂ ಹೊತ್ತಿಗೆ ದುಧನಿಗೆ ಇಳಿಸಿದ.

ಮುಂದ ಕ್ಯಾಸೆಟ್ಟಿನವರು ಕರೆದ್ರು, ಸೊಲ್ಲಾಪುರಕ್ಕ.
ಒಂದು ಬಾಜೂಕ ಮೂವತ್ತು ಮಿನಿಟು.
ಸತ್ತರ ಹಿಡಿಸತದ, ಬದುಕಿದರ ಹಿಡಿಸೂದಿಲ್ಲ ಅಂದ್ರು.
ಸಾಯಿಸಿದ. ನಾನೂ ಗೀ ಗೀ ಅಂದೆ.
ಅವಗ ನಾಲ್ಕು ನೂರು, ನನಗ ನೂರು.
ಟಮಟಮ್ಮಿನಾಗ, ಹಿಟ್ಟಿನ ಗಿರಣಿಯಾಗ
ಸಾತಲಿಂಗ ದಿನಾ ಸತ್ತ.

ಹನ್ನೊಂದು ವರ್ಷಕ್ಕ ಆಕಿ ಬಂದ್ಲು, ನೀಲಗಂಗವ್ವ,
ಸೀದಾ ಅಡತಿಗೇ. ಕೈಯಾಗ ಅದ ಕಾಗದ,
ಅದರ ಹಿಂದ ಮತ್ತೊಂದು ಬಂದಿರಲಿಲ್ಲ.
"ಸತ್ತದ್ದ ಹಾಡು" ಅಂದ್ಲು.
"ಕ್ಯಾಸೆಟ್ಟಿನಾಗ ಬ್ಯಾಡ, ಅದು ಎಲ್ಲಾರಿಗೂ ಅಳತದ."

ಗುರುಶಾಂತ ಚೀಲದ ಮ್ಯಾಲ ಕುಂತ. ಬಾಯಿ ತೆರೆದ.
ಬಂದದ್ದು ಹಂ ಅಂತ ಉಸಿರು ಅಷ್ಟ.

ನಾ ಎತ್ತಿದೆ, ಸಾಲಿನ ತಲಿ ಗೊತ್ತಿಲ್ಲದವ,
ಬಾಲದಿಂದ ಹಿಮ್ಮುಖ: ಟಿಕೀಟಿಂದ ಕಿಸೆಗೆ,
ಕಿಸೆಯಿಂದ ಪುಲಿಗೆ, ಗಿರಣಿಗೆ, ಗಾಡಿಗೆ,
ಅವ ಊರು ಬಿಟ್ಟ ಮುಂಜಾನಿಗೆ.
ಅಲ್ಲಿ ತಂಗಿ ಬುತ್ತಿ ಕಟ್ಟಲಿಕ್ಕೆ ಹತ್ಯಾಳ,
ಗಂಟು ಇನ್ನೂ ಬಿದ್ದಿಲ್ಲ.
ಅಲ್ಲಿಗೆ ಬಿಟ್ಟೆ.

ಗುರುಶಾಂತ, ನನ್ನ ಜಾಗಾದಾಗ, ಸಣ್ಣಗ ಗೀ ಅಂದ.
ಹೊರಗ ಲಾರಿ ಹಾರ್ನು ಹೊಡೀತು.
ಎದ್ದು ಹೋದ.