ಒಂದೇ ಸಾಲಿನ ಮೇಲೆ

ಅಕ್ಕಿ ಚೀಲದಲ್ಲಿ ಸುತ್ತಿ ತಂದಿದ್ದರು ಫಿಲೋಮಿನಾ ಮೇಡಂ.
ಸಾಲಗಾಮೆ ರಸ್ತೆಯ ನನ್ನ ಅಂಗಡಿ ಮುಂದೆ ಆಟೋ ಇಳಿದು
ಹಸುಗೂಸು ಎತ್ತಿಕೊಂಡ ಹಾಗೆ
ಅಡಿಗೆ ಕೈ ಕೊಟ್ಟು.
"ಲೆಕ್ಕ ಸರಿಯಾಗೇ ಮಾಡುತ್ತೆ," ಅಂದರು,
"ಕಾಗದ ಮಾತ್ರ ಮುಂದಕ್ಕೆ ಹೋಗಲ್ಲ."

ಸ್ವಿಚ್ ಹಾಕಿದೆ. ಹಸಿರು ಅಂಕಿಗಳು
ನಿದ್ದೆಗಣ್ಣಲ್ಲಿ ಎದ್ದು ಕೂತವು.
ಹನ್ನೆರಡು. ಕೂಡಿಸು ಏಳು.
ಟಕಟಕ ಟಕ್, ಹನ್ನೆರಡರ ಬೆನ್ನ ಮೇಲೆ ಏಳು,
ಏಳರ ತಲೆಯ ಮೇಲೆ ಹತ್ತೊಂಬತ್ತು,
ಅದರಡಿಗೆ ಮೊದಲೇ ಯಾರು ಯಾರದೋ ನೂರಾರು ಅಂಕಿ.
ಒಂದೇ ಸಾಲು. ಕಪ್ಪಗೆ,
ಗಾಯ ಒಣಗಿದ ಹಾಗೆ.

ಕಾಫಿ ಕ್ಯೂರಿಂಗಿನಲ್ಲಿ ಅವರದು ಬಟವಾಡೆ ಸೆಕ್ಷನ್.
ಬೀಜ ಆರಿಸುವ ಹೆಂಗಸರು ಅರವತ್ತು ಮಂದಿ.
ಕರಿದು ಒಂದು ಕಡೆ, ಒಡಕು ಒಂದು ಕಡೆ,
ಕೇಜಿಗೆ ಇಷ್ಟು ಅಂತ. ಶನಿವಾರ ಚೀಟಿ.
"ಈಗ ದುಡ್ಡು ಬ್ಯಾಂಕಿಗೇ ಹೋಗುತ್ತಲ್ಲ ಮೇಡಂ,
ಚೀಟಿ ಯಾಕೆ?"
ಕನ್ನಡಕ ತೆಗೆದು ಸೆರಗಲ್ಲಿ ಒರೆಸಿಕೊಂಡರು.
"ಮೆಸೇಜು ಬರೋ ಫೋನು
ಯಾರ ಜೇಬಲ್ಲಿರುತ್ತೆ, ನೀವೇ ಹೇಳಿ."

ನಾನು ಸ್ಕ್ರೂ ಬಿಚ್ಚತೊಡಗಿದೆ.
ನಾಲ್ಕರಲ್ಲಿ ಒಂದರ ತಲೆ ಸವೆದು ಬೋಳಾಗಿತ್ತು,
ಅದಕ್ಕೇ ಅರ್ಧ ಗಂಟೆ.
ಮುಚ್ಚಳ ಎತ್ತಿದರೆ ಕಾಫಿ ವಾಸನೆ,
ಹುರಿದದ್ದಲ್ಲ, ಹಸಿ ಬೀಜದ್ದು,
ಹೊಟ್ಟು, ಗೋಣಿ, ಗೋದಾಮಿನ ಧೂಳು.
ಮೋಟಾರು ಸರಿ. ಬೆಲ್ಟು ಸರಿ. ಹಲ್ಲಿನ ಚಕ್ರಗಳು
ಕಬ್ಬು ಸಿಗಿದು ತಿಂದ ಕಾಲದವರ ಹಲ್ಲು, ಒಂದೂ ಅಲುಗಿಲ್ಲ.
ರೋಗ ಇದ್ದದ್ದು ರಬ್ಬರಿನಲ್ಲಿ.
ಕಾಗದ ಹಿಡಿದು ಎಳೆಯಬೇಕಾದ ರೋಲರು
ಕರಗಿ ಜೋನಿಬೆಲ್ಲ. ಬೆರಳಿಗೆ ಹತ್ತಿದ್ದು ಬಿಡಲೊಲ್ಲದು.
ಹಳೇ ರಬ್ಬರಿಗೆ ಗೊತ್ತಿರೋದು ಎರಡೇ ದಾರಿ ಕಣೋ,
ಕಲ್ಲಾಗೋದು, ಇಲ್ಲಾ ಅಂಟಾಗೋದು,
ಅನ್ನುತ್ತಿದ್ದರು ನನಗೆ ಟೈಪ್‌ರೈಟರ್ ಬಿಚ್ಚಲು ಕಲಿಸಿದವರು.

ಸ್ಪಿರಿಟ್ಟಿನಲ್ಲಿ ಬನಿಯನ್ ಚೂರು ಅದ್ದಿ ಒರೆಸುತ್ತ ಹೋದಂತೆ
ಒಳಗಿಂದ ಬಂತು ಅಗರಬತ್ತಿ ದಪ್ಪದ ಉಕ್ಕಿನ ಕಡ್ಡಿ.
ಅದರ ಹಿಂದೆ ಕಾಗದದ ಒಂದು ತುಂಡು,
ಮಡಚಿ, ಮೆತ್ತಿಕೊಂಡು.
ಚಿಮಟಿಗೆಯಲ್ಲಿ ಎಳೆದು ಕೊಟ್ಟೆ.
ಮೇಡಂ ಟ್ಯೂಬ್‌ಲೈಟಿಗೆ ಹಿಡಿದು ಓದಿದರು:
ಮುನ್ನೂರ ಹನ್ನೆರಡು ರೂಪಾಯಿ ನಲವತ್ತು ಪೈಸೆ.
"ಪೈಸೆ ಇದೆ ನೋಡಿ, ಆಗಿನದ್ದು.
ಚಿಕ್ಕತಾಯಿದೋ, ಬೀಬಿಜಾನಳದೋ.
ಆ ಶನಿವಾರ ಯಾರೋ ಚೀಟಿ ಇಲ್ಲದೇ ಹೋಗಿದ್ದಾರೆ."
ಪರ್ಸಿನ ಚಿಲ್ಲರೆ ಜಾಗದಲ್ಲಿಟ್ಟು ಜಿಪ್ ಎಳೆದರು.

ಮಿಷನ್ನು ಮಾಡಿದ ಕಂಪನಿಯೇ ಇಲ್ಲ, ಸ್ಪೇರು ಎಲ್ಲಿಂದ?
ಎದುರಿನ ಸೈಕಲ್ ಶಾಪಿನ ಜಬ್ಬಾರನ ಹತ್ತಿರ
ಒಂದು ಗೇಣು ವಾಲ್‌ಟ್ಯೂಬು, ಎರಡು ರೂಪಾಯಿ.
ಸೋಪುನೀರು ಹಚ್ಚಿ, ಒತ್ತಿ, ಹಿಂಡಿ,
ಬಳೆ ತೊಡಿಸುವವನ ಹಾಗೆ ಉಸಿರು ಹಿಡಿದು
ಕಡ್ಡಿಗೆ ಜಾರಿಸಿದೆ.

ಮತ್ತೆ ಹನ್ನೆರಡು.
ಕಾಗದ ತಡವರಿಸಿತು. ಆಮೇಲೆ ಒಂದು ಸಾಲು ಸರಿಯಿತು,
ಬಸ್ಸಿನಲ್ಲಿ ಆಚೆ ಜರುಗಿ ಜಾಗ ಕೊಡುವವರ ಹಾಗೆ.
ಏಳು ಕೂತಿತು. ಹತ್ತೊಂಬತ್ತೂ ಕೂತಿತು.

"ಸ್ವಲ್ಪ ಎಡಕ್ಕೆ ಎಳೆಯುತ್ತೆ ಮೇಡಂ,
ಬಲಗಡೆ ಟ್ಯೂಬು ಕೂದಲೆಳೆಯಷ್ಟು ದಪ್ಪ."
"ಎಳೀಲಿ ಬಿಡಿ. ಗೋಣಿ ಮುಂದೆ ಕೂತು ಕೂತು
ನಮ್ಮವರಿಗೂ ಒಂದು ಭುಜ ಇಳಿದುಹೋಗಿದೆ."

ಕೂಲಿ ಕೇಳಿದರು. ನೂರೈವತ್ತು ಅಂದೆ.
ಒತ್ತಿದರು. ನಾನು ಹೇಳದಿದ್ದರೂ
ಟ್ಯೂಬಿನ ಎರಡು ರೂಪಾಯಿ ಒತ್ತಿದರು.
ಮೊತ್ತ ಬಂದ ಮೇಲೆ ಕಾಗದ ಹರಿದು, ದುಡ್ಡಿನ ಜೊತೆ ಕೊಟ್ಟರು.

ಮೂವತ್ತೊಂದು ವರ್ಷ ನಾನೇ ಬಿಲ್ಲು ಬರೆದವನು.
ನನ್ನ ಕೂಲಿಗೆ ಚೀಟಿ
ಯಾರೂ ಕೊಟ್ಟಿರಲಿಲ್ಲ.
ದುಡ್ಡು ಗಲ್ಲದಲ್ಲಿಟ್ಟೆ. ಚೀಟಿ ಅಂಗಿ ಜೇಬಿನಲ್ಲಿ.

ಸೋಮವಾರ ಅಂಗಿ ಒಗೆದು ಬಂತು.
ಜೇಬಿನ ಮೂಲೆಯಲ್ಲಿ ಕಾಸಗಲ ನೇರಳೆ.
ಅಂಕಿ ಒಂದೂ ಇಲ್ಲ.
ಹೆಂಡತಿ ಬ್ಲೀಚು ಹಾಕುತ್ತೇನೆ ಅಂದಳು.
ಇರಲಿ ಅಂದೆ.